ಡ್ರೈಯರ್ ಬಟ್ಟೆ ಒಣಗಿಸ್ತಿಲ್ವಾ? ಮೆಕ್ಯಾನಿಕ್‌ಗೆ ಫೋನ್ ಮಾಡೋ ಮುಂಚೆ ಇಷ್ಟು ನೋಡ್ಕೊಳ್ಳಿ

ಮಳೆ ಹಿಡೀತು ಅಂದ್ರೆ ಮಂಗಳೂರು, ಉಡುಪಿ, ಮಡಿಕೇರಿ ಕಡೆ ಬಟ್ಟೆ ಒಣಗೋ ಮಾತೇ ಇಲ್ಲ, ಫ್ಯಾನ್ ಕೆಳಗೆ ಹರವಿದ್ರೂ ಮುಗ್ಗಲು ವಾಸನೆ ಹೋಗಲ್ಲ, ಹಂಗಾಗಿ ಡ್ರೈಯರ್ ತಗೊಂಡಿರೋರು ಈಗ ಸುಮಾರು ಜನ ಇದಾರೆ. ಬೇಸಿಗೆ ಪೂರ್ತಿ ಕವರ್ ಹೊದ್ಕೊಂಡು ಮೂಲೇಲಿ ಕೂತಿದ್ದ ಮಷೀನನ್ನ ಜೂನ್‌ನಲ್ಲಿ ಆನ್ ಮಾಡಿದ್ರೆ ತಿರುಗುತ್ತೆ, ಬಿಸೀನೂ ಆಗುತ್ತೆ, ಆದ್ರೆ ಒಂದೂವರೆ ಗಂಟೆ ಓಡಿಸಿದ್ರೂ ಜೀನ್ಸ್ ಸೊಂಟದ ಪಟ್ಟಿ ಒದ್ದೆ ಒದ್ದೆ. ಆಗ ಮನೇಲಿ ಎಲ್ರೂ ಹೇಳೋದು ಒಂದೇ, ಕಾಯಿಲ್ ಹೋಗಿದೆ ಅಂತ. ಕಾಯಿಲ್ ಹೋಗಿದ್ರೆ ಬಿಸೀನೇ ಆಗ್ತಿರ್ಲಿಲ್ಲ ಅಲ್ವಾ. ಬಿಸಿ ಮಾಡೋ ಕೆಲಸ ನೀರನ್ನ ಆವಿ ಮಾಡೋದಷ್ಟೇ, ಆ ಆವೀನ ಡ್ರಮ್ಮಿಂದ ಆಚೆ ಎಳ್ಕೊಂಡು ಹೋಗೋದು ಗಾಳಿ. ಡ್ರೈಯರ್ ಕಂಪ್ಲೇಂಟಲ್ಲಿ ಮೊದಲು ನೋಡ್ಬೇಕಾದ್ದು ಗಾಳಿ, ಆಮೇಲೆ ಕರೆಂಟು, ಕಾಯಿಲ್ ಕೊನೇಲಿ.

ಏನಕ್ಕೆ ಕೈ ಹಾಕೋ ಮುಂಚೇನೂ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ರೆ ಸಾಕಾಗಲ್ಲ, ಪ್ಲಗ್ಗೇ ಕೀಳಿ.

ಮೊದಲು ಲಿಂಟ್ ಫಿಲ್ಟರ್

ಬಾಗಿಲ ಹತ್ರ ಜಾಲರಿ ಥರ ಇರುತ್ತಲ್ಲ, ಬಟ್ಟೆಯ ಜುಂಗು ಬಂದು ಕೂರೋ ಜಾಗ, ಅದನ್ನ ಪ್ರತಿ ಸಲಾನೂ ತೆಗೀಬೇಕು ಅನ್ನೋದು ಎಲ್ರಿಗೂ ಗೊತ್ತು. ಗೊತ್ತಿಲ್ದೇ ಇರೋದು ಏನಂದ್ರೆ ಜುಂಗು ಪೂರ್ತಿ ತೆಗೆದ್ಮೇಲೂ ಜಾಲರಿ ಕಟ್ಕೊಂಡಿರ್ಬಹುದು, ಯಾಕಂದ್ರೆ ಒಗೆಯುವಾಗ ಘಮ ಘಮ ಅನ್ಲಿ ಅಂತ ಹಾಕೋ ಫ್ಯಾಬ್ರಿಕ್ ಕಂಡಿಷನರ್‌ನ ಜಿಡ್ಡು ಸಣ್ಣ ಸಣ್ಣ ತೂತಿನ ಮೇಲೆ ಪೊರೆ ಥರ ಕೂರುತ್ತೆ, ಬೆಳಕಿಗೆ ಹಿಡಿದು ನೋಡಿದ್ರೂ ಕಾಣಲ್ಲ. ನಲ್ಲಿ ಕೆಳಗೆ ಅಡ್ಡ ಹಿಡಿದು ನೀರು ಬಿಡಿ. ನೀರು ಸರ್ರನೆ ಇಳಿದ್ರೆ ಸರಿ ಇದೆ, ಜಾಲರಿ ಮೇಲೆ ಕೊಳದ ಹಂಗೆ ನಿಂತ್ರೆ ಗಾಳೀನೂ ಅಲ್ಲೇ ನಿಲ್ತಿದೆ ಅಂತ ಲೆಕ್ಕ. ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ, ಹಳೇ ಟೂತ್‌ಬ್ರಷ್, ಎರಡೂ ಕಡೆ ಮೆತ್ತಗೆ ಉಜ್ಜಿ, ಪೂರ್ತಿ ಒಣಗಿದ್ಮೇಲೆ ವಾಪಸ್ ಹಾಕಿ, ಒದ್ದೇದು ಹಾಕಿದ್ರೆ ಜುಂಗು ಇನ್ನೂ ಜೋರಾಗಿ ಅಂಟ್ಕೊಳ್ಳುತ್ತೆ. ಫಿಲ್ಟರ್ ಕೂರೋ ಗೂಡಿನೊಳಗೂ ವ್ಯಾಕ್ಯೂಮ್ ಕ್ಲೀನರ್ ಪೈಪ್ ಬಿಟ್ಟು ಎಳೀರಿ.

ಆಮೇಲೆ ಗಾಳಿ ಎಲ್ಲಿ ಹೋಗುತ್ತೆ ನೋಡಿ

ಇಲ್ಲಿ ನಿಮ್ಮದು ಯಾವ ಥರದ ಮಷೀನು ಅಂತ ಗೊತ್ತಿರ್ಬೇಕು. ವೆಂಟೆಡ್ ಆದ್ರೆ ಒದ್ದೆ ಗಾಳೀನ ನಾಲ್ಕಿಂಚಿನ ಪೈಪಲ್ಲಿ ಆಚೆ ಬಿಡುತ್ತೆ. ಮಷೀನನ್ನ ಗೋಡೆಗೆ ಒತ್ತಿ ಇಟ್ಟಿದ್ರೆ ಆ ಪೈಪ್ ಅಲ್ಲೇ ಮಡಚಿ ಹೋಗಿರುತ್ತೆ, ಸ್ವಲ್ಪ ಮುಂದಕ್ಕೆ ಎಳೀರಿ. ಆಚೆ ತುದೀಲಿ ಕಣಜ ಗೂಡು ಕಟ್ಟಿರುತ್ತೆ, ಹಲ್ಲಿ ಸಿಕ್ಕಾಕ್ಕೊಂಡಿರುತ್ತೆ, ಎಂಟು ತಿಂಗಳು ಸುಮ್ನೆ ಕೂತಿದ್ದ ಪೈಪಲ್ಲಿ ಏನು ಬೇಕಾದ್ರೂ ಇರ್ಬಹುದು ಬಿಡಿ. ಮಷೀನ್ ಓಡ್ತಿರುವಾಗ ಆಚೆ ತುದಿಗೆ ಕೈ ಹಿಡೀರಿ, ಬಿಸಿ ಗಾಳಿ ಜೋರಾಗಿ ಬಡೀಬೇಕು. ಕೆಲವ್ರು ಪೈಪೇ ಹಾಕಲ್ಲ, ಬಾಗಿಲು ಕಿಟಕಿ ಎಲ್ಲಾ ಮುಚ್ಚಿದ ಯುಟಿಲಿಟೀಲಿ ಹಂಗೇ ಓಡಿಸ್ತಾರೆ, ಮಷೀನು ತಾನೇ ಬಿಟ್ಟ ಹಬೇನ ತಾನೇ ವಾಪಸ್ ಎಳ್ಕೊಂಡು ಕೂತಿರುತ್ತೆ, ಬಟ್ಟೆ ಎಲ್ಲಿಂದ ಒಣಗ್ಬೇಕು.

ಕಂಡೆನ್ಸರ್ ಮಾಡೆಲ್ ಆದ್ರೆ ಪೈಪ್ ಇರಲ್ಲ, ಆವಿ ನೀರಾಗಿ ಟ್ಯಾಂಕಿಗೆ ಇಳಿಯುತ್ತೆ. ಟ್ಯಾಂಕ್ ತುಂಬಿದ್ರೆ ಲೈಟ್ ಹತ್ತಿ ಮಧ್ಯದಲ್ಲೇ ನಿಂತುಬಿಡುತ್ತೆ, ಖಾಲಿ ಮಾಡಿ ಸರಿಯಾಗಿ ಒತ್ತಿ ಕೂರ್ಸಿ. ಟ್ಯಾಂಕ್ ಖಾಲಿ ಇದ್ರೂ ಲೈಟ್ ಹೋಗ್ತಿಲ್ಲ ಅಂದ್ರೆ ಒಳಗಿನ ಸಣ್ಣ ಪಂಪಲ್ಲಿ ಜುಂಗು ಸಿಕ್ಕಿರೋ ಸಾಧ್ಯತೆ ಜಾಸ್ತಿ. ಹೀಟ್ ಪಂಪ್ ಮಾಡೆಲ್ ಇರೋರು ಒಂದು ತಿಳ್ಕೊಳ್ಳಿ, ಅದು ಕಮ್ಮಿ ಬಿಸೀಲೇ ಒಣಗಿಸೋದು, ಎರಡೂವರೆ ಗಂಟೆ ಹಿಡಿದ್ರೂ ರಿಪೇರಿ ಅಂತ ಗಾಬರಿ ಆಗ್ಬೇಡಿ.

ಬಟ್ಟೆ ತುಂಬೋದ್ರಲ್ಲೂ ನಾವು ಕಮ್ಮಿ ಇಲ್ಲ. ಒಗೆಯೋಕೆ 8 ಕೆಜಿ, ಒಣಗಿಸೋಕೆ 5 ಕೆಜಿ ಅಂತ ಕಾಂಬೋ ಮಷೀನ್ ಮೇಲೇ ಬರೆದಿರುತ್ತೆ, ಓದೋರು ಯಾರು. ಡ್ರಮ್ಮಲ್ಲಿ ಬಟ್ಟೆ ಮೇಲಿಂದ ಬೀಳೋಕೆ ಜಾಗ ಬೇಕು. ಜೊತೆಗೆ ಒಗೆಯೋ ಮಷೀನಲ್ಲಿ ಸ್ಪಿನ್ ಸ್ಪೀಡ್ ಜಾಸ್ತಿ ಇಟ್ರೆ ನೀರು ಅಲ್ಲೇ ಹೋಗುತ್ತೆ, ಡ್ರೈಯರ್ ಕರೆಂಟ್ ಉಳಿಯುತ್ತೆ.

ಇನ್ನೂ ಒದ್ದೆ ಇರೋವಾಗ್ಲೇ "ಆಯ್ತು" ಅಂತ ನಿಂತ್ರೆ

ಡ್ರಮ್ ಒಳಗೆ ಎರಡು ಲೋಹದ ಪಟ್ಟಿ ಕಾಣುತ್ತೆ, ಅದೇ ಸೆನ್ಸರ್. ಒದ್ದೆ ಬಟ್ಟೆ ತಾಗಿದಾಗ ಕರೆಂಟ್ ಹರಿಯುತ್ತೆ, ಹರೀದೇ ಇದ್ರೆ ಒಣಗಿದೆ ಅಂತ ಮಷೀನ್ ತಿಳ್ಕೊಳ್ಳುತ್ತೆ. ಅದ್ರ ಮೇಲೂ ಅದೇ ಕಂಡಿಷನರ್ ಜಿಡ್ಡು. ವಿನೆಗರ್ ಹಚ್ಚಿದ ಬಟ್ಟೇಲಿ ಒರೆಸಿ. ಎರಡೇ ಎರಡು ಶರ್ಟ್ ಹಾಕಿದ್ರೂ ಪಟ್ಟಿಗೆ ತಾಗ್ದೇ ಬೇಗ ನಿಲ್ಲುತ್ತೆ, ಅಂಥಾಗ ಟೈಮರ್‌ನಲ್ಲಿ ಇಟ್ಕೊಳ್ಳಿ.

ಕರೆಂಟಿನ ಕಡೆ

2000 ವ್ಯಾಟ್ ಡ್ರೈಯರ್ 230 ವೋಲ್ಟಲ್ಲಿ ಸುಮಾರು 9 ಆಂಪ್ಸ್ ಎಳೆಯುತ್ತೆ, ಅದಕ್ಕೆ ಗೀಸರ್‌ಗೆ ಹಾಕೋಂಥ 16 ಆಂಪ್ಸ್ ಪಾಯಿಂಟೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡು, ಕನ್ವರ್ಟರ್ ಪ್ಲಗ್ಗು ಯಾವುದೂ ಬೇಡ. ಪ್ಲಗ್ ಮುಟ್ಟಿದ್ರೆ ಸುಡ್ತಿದೆ, ಸಾಕೆಟ್ ಸುತ್ತ ಕಂದು ಕಲೆ ಇದೆ ಅಂದ್ರೆ ಅವತ್ತೇ ನಿಲ್ಸಿ. ಮಲೆನಾಡಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿದ್ರೆ ಕಾಯಿಲ್ ಕೊಡೋ ಬಿಸಿ 2000ದಿಂದ ಸುಮಾರು 1225 ವ್ಯಾಟಿಗೆ ಬೀಳುತ್ತೆ, ವೋಲ್ಟೇಜ್ ಐದನೇ ಒಂದರಷ್ಟು ಇಳಿದ್ರೆ ಬಿಸಿ ಹತ್ತಿರತ್ತಿರ ನಲ್ವತ್ತು ಪರ್ಸೆಂಟ್ ಹೋಯ್ತು ಅಂತ. ಅಲ್ಲಿಯವರು ಮಧ್ಯಾಹ್ನ ಓಡಿಸಿ ನೋಡಿ.

ಆನ್ ಮಾಡಿದ ಕೂಡ್ಲೇ ಎಮ್‌ಸಿಬಿ (ಕರೆಂಟು ಮಿತಿ ಮೀರಿ ಹರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಬಿತ್ತು ಅಂದ್ರೆ ಒಳಗೆ ಶಾರ್ಟ್. ಆರ್‌ಸಿಸಿಬಿ (ಕರೆಂಟು ಸೋರಿದ್ರೆ ಲೈನ್ ಕಟ್ ಮಾಡೋ ಸ್ವಿಚ್ಚು) ಬೀಳ್ತಿದೆ ಅಂದ್ರೆ ಎಲ್ಲೋ ಕರೆಂಟು ಅರ್ಥಿಗೆ ಸೋರ್ತಿದೆ, ಮಳೆಗಾಲದಲ್ಲಿ ಕಾಯಿಲ್ ಒಳಗೆ ತೇವ ಹಿಡಿದ್ರೂ ಹಿಂಗಾಗುತ್ತೆ. ಬಾಡಿ ಮುಟ್ಟಿದ್ರೆ ಜುಮ್ ಅಂತು ಅಂದ್ರಂತೂ ಮುಟ್ಲೇಬೇಡಿ, ಮೊದಲು ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ನೋಡಿಸಿ.

ಏನೂ ಆಗ್ತಿಲ್ಲ, ಸತ್ತು ಕೂತಿದೆ ಅಂದ್ರೆ ಚೈಲ್ಡ್ ಲಾಕ್ ನೋಡಿ, ಬಾಗಿಲು ಹಾಕಿದಾಗ ಟಕ್ ಅನ್ನುತ್ತಾ ಕೇಳಿ. ಮೋಟರ್ ಗುಂಯ್ ಅಂತಿದೆ ಡ್ರಮ್ ಮಾತ್ರ ತಿರುಗ್ತಿಲ್ಲ ಅಂದ್ರೆ ಪ್ಲಗ್ ಕಿತ್ತು ಕೈಯಲ್ಲಿ ತಿರುಗ್ಸಿ ನೋಡಿ, ತೀರಾ ಹಗುರಾಗಿ ಗಿರ್ರ್ ಅಂತ ಹೋದ್ರೆ ಬೆಲ್ಟ್ ಕಟ್ಟಾಗಿದೆ.

ಯೂಟ್ಯೂಬ್ ನೋಡಿ ರಿಪೇರಿ ಮಾಡೋರಿಗೆ ಒಂದು ಮಾತು. ಅಮೆರಿಕದ ವಿಡಿಯೋಗಳಲ್ಲಿ "ಡ್ರಮ್ ತಿರುಗುತ್ತೆ ಬಿಸಿ ಆಗಲ್ಲ ಅಂದ್ರೆ ಬ್ರೇಕರ್ ಅರ್ಧ ಹೋಗಿದೆ" ಅಂತಾರೆ. ಅಲ್ಲಿ ಡ್ರೈಯರ್‌ಗೆ 120 ವೋಲ್ಟಿನ ಎರಡು ಲೈನ್ ಸೇರಿ 240 ಬರುತ್ತೆ, ಮೋಟರ್‌ಗೆ ಒಂದೇ ಸಾಕು, ಕಾಯಿಲ್‌ಗೆ ಎರಡೂ ಬೇಕು. ಡಲ್ಲಾಸಲ್ಲೋ ಸ್ಯಾನ್ ಹೋಸೆಯಲ್ಲೋ ಇರೋ ಮಗಳಿಗೆ ಆ ಸಲಹೆ ಸರಿ, ನಮ್ಮಲ್ಲಿ ಒಂದೇ ಫೇಸು, ಅದು ನಡೆಯಲ್ಲ.

ನಮ್ಮಲ್ಲಿ ತಿರುಗುತ್ತೆ, ಆದ್ರೆ ಗಾಳಿ ತಣ್ಣಗೇ ಬರ್ತಿದೆ ಅಂದ್ರೆ ಮೊದಲು ಕೂಲ್ ಮೋಡಲ್ಲಿ ಇದ್ಯಾ ನೋಡಿ, ಇಲ್ಲಾಂದ್ರೆ ಕಾಯಿಲ್ ಅಥವಾ ಥರ್ಮಲ್ ಫ್ಯೂಸು. ಇಲ್ಲಿಂದ ಮೆಕ್ಯಾನಿಕ್ ಕೆಲಸ. ಆದ್ರೆ ಎದುರಿಗೇ ನಿಂತ್ಕೊಳ್ಳಿ, ಯಾಕಂದ್ರೆ ಕೆಲವ್ರು "ಫ್ಯೂಸ್ ಪಾರ್ಟ್ ಸಿಗಲ್ಲ ಸಾರ್, ಡೈರೆಕ್ಟ್ ಮಾಡ್ಕೊಡ್ತೀನಿ" ಅಂತಾರೆ, ಅಂದ್ರೆ ಫ್ಯೂಸ್ ಬಿಟ್ಟು ವೈರ್ ನೇರವಾಗಿ ಜೋಡಿಸೋದು. ಮಾಡಿಸ್ಲೇಬೇಡಿ. ಆ ಫ್ಯೂಸ್ ಹೋಗೋದೇ ಒಳಗೆ ಬಿಸಿ ಮಿತಿ ಮೀರಿದಾಗ, ಮೀರೋದು ಹೆಚ್ಚಾಗಿ ಗಾಳಿ ಕಟ್ಟಿದಾಗ, ಡೈರೆಕ್ಟ್ ಮಾಡಿದ್ರೆ ಮುಂದಿನ ಸಲ ಜುಂಗಿಗೆ ಬೆಂಕಿ ಹಿಡಿಯೋದನ್ನ ತಡೆಯೋಕೆ ಯಾರೂ ಇರಲ್ಲ. ಹೊಸ ಫ್ಯೂಸ್ ಹಾಕ್ಸಿ, ಹಿಂದಿನ ಕವರ್ ಬಿಚ್ಚಿಸಿ ಒಳಗಿನ ಜುಂಗೂ ತೆಗೆಸಿ, ಇಲ್ದಿದ್ರೆ ಹೊಸಾದೂ ಹೋಗುತ್ತೆ. ಫೋನ್ ಮಾಡುವಾಗ ಬಾಗಿಲ ಒಳಗಿನ ಸ್ಟಿಕ್ಕರಲ್ಲಿರೋ ಮಾಡೆಲ್ ನಂಬರ್ ಹೇಳಿ, ಪಾರ್ಟ್ ಜೊತೆಗೇ ಬಂದ್ರೆ ಇನ್ನೊಂದು ವಿಸಿಟಿಂಗ್ ಚಾರ್ಜ್ ಉಳಿಯುತ್ತೆ.

ಅಂದ್ಹಾಗೆ ಎಣ್ಣೆ ಸ್ನಾನದ ಟವೆಲ್ಲು, ಅಡುಗೆಮನೆ ಮಸಿಬಟ್ಟೆ ಇದಕ್ಕೆ ಹಾಕ್ಬೇಡಿ, ಒಗೆದ್ರೂ ಎಣ್ಣೆ ಪೂರ್ತಿ ಹೋಗಿರಲ್ಲ, ಬಿಸಿ ಬಿಸಿ ಗುಡ್ಡೆ ಹಾಕಿಟ್ಟಾಗ ತಾನಾಗೇ ಕಾವು ಏರಿ ಹೊಗೆಯಾಡೋದುಂಟು. ಅವು ಹಗ್ಗದ ಮೇಲೇ ಒಣಗ್ಲಿ, ಎರಡು ದಿನ ತಡ ಆದ್ರೂ ಪರವಾಗಿಲ್ಲ.