ಎಎಂಡಿಯ ಎಎಂ5 ಮದರ್‌ಬೋರ್ಡಿಗೆ ರ್‍ಯಾಮ್ ತಗೊಳ್ಳುವಾಗ ನಾಲ್ಕು ಕಡ್ಡಿ ಬೇಡ, ಎರಡೇ ಸಾಕು

ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆ ಎಸ್.ಪಿ. ರೋಡಿಗೆ, ಎಎಂಡಿಯ ರೈಜನ್ 7000 ಅಥವಾ 9000 ಪ್ರೊಸೆಸರ್ ಹಾಕಿ ಜೋಡಿಸೋ ಪಿಸಿಗೆ ರ್‍ಯಾಮ್ ತರೋಕೆ ಹೋಗ್ತಿದ್ದರೆ, 16 ಜಿಬಿಯ ನಾಲ್ಕು ಕಡ್ಡಿ ಬದಲು 32 ಜಿಬಿಯ ಎರಡು ಇರುವ ಒಂದೇ ಕಿಟ್ ಕೇಳಿ. ಡಿಡಿಆರ್5-6000 (6000 ಅನ್ನೋದು ವೇಗ), ಸಿಎಲ್30 (ವಿಳಂಬದ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೇದು), ಎಕ್ಸ್‌ಪೋ (ಬೋರ್ಡಿನ ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಆ ವೇಗ ಕೊಡೋ ಎಎಂಡಿ ಪ್ರೊಫೈಲ್) ಇರುವಂಥದ್ದು. ಸಿಪಿಯು ಕಡೆಯಿಂದ ಎಣಿಸಿ 2ನೇ ಮತ್ತು 4ನೇ ಸ್ಲಾಟಿಗೆ ಹಾಕಿ. ನಾಲ್ಕೂ ಸ್ಲಾಟ್ ತುಂಬಿದರೆ ಒಂದೊಂದು ಚಾನೆಲ್ (ಸಿಪಿಯುಗೂ ಮೆಮೊರಿಗೂ ನಡುವಿನ ದಾರಿ) ಮೇಲೆ ಎರಡು ಕಡ್ಡಿಗಳ ಹೊರೆ ಬಿದ್ದು ಸಿಗ್ನಲ್ ಹದಗೆಡುತ್ತೆ. ರೈಜನ್ 9000ಕ್ಕೆ ಎಎಂಡಿ ಅಧಿಕೃತವಾಗಿ ಹೇಳೋ ವೇಗವೇ ಎರಡು ಕಡ್ಡಿಗೆ 5600, ನಾಲ್ಕಕ್ಕೆ ಬರೀ 3600. "ಈಗ ಒಂದು ಕಿಟ್, ಮುಂದಿನ ವರ್ಷ ಅಂಥದ್ದೇ ಇನ್ನೊಂದು" ಅನ್ನೋ ಲೆಕ್ಕಾಚಾರ ದಯವಿಟ್ಟು ಬಿಡಿ. ಮಾಡೆಲ್ ಹೆಸರು ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು, ಆಗ ಎಕ್ಸ್‌ಪೋ ನಿಲ್ಲಲ್ಲ. ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೈನಿಂಗ್‌ಗೆ (ಹೊಸ ಕಡ್ಡಿಗೆ ಬೋರ್ಡು ತಾನೇ ಹೊಂದಿಸಿಕೊಳ್ಳೋದಕ್ಕೆ) ಕೆಲವು ನಿಮಿಷ ಸ್ಕ್ರೀನ್ ಕಪ್ಪಗೇ ಇರುತ್ತೆ. ಕೆಟ್ಟಿದೆ ಅಂದ್ಕೊಂಡು ಪವರ್ ತೆಗೀಬೇಡಿ. ಎರಡೇ ಕಡ್ಡಿ ಹಾಕಿದರೂ 6000 ಖಂಡಿತ ಅಂತಿಲ್ಲ, ಅದೂ ಓವರ್‌ಕ್ಲಾಕೇ, ಅಂದ್ರೆ ಅಧಿಕೃತ ವೇಗಕ್ಕಿಂತ ಹೆಚ್ಚು ಓಡಿಸೋದೇ. ಗೇಮ್ ಆಗಾಗ ಕ್ರ್ಯಾಶ್ ಆದರೆ ಬಯೋಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಆಮೇಲೂ ನಿಲ್ಲದಿದ್ದರೆ 5600ಕ್ಕೆ ಇಳಿಸಿ. ಹೆಸರಲ್ಲಿ ಎಕ್ಸ್3ಡಿ ಇರೋ ರೈಜನ್ ಚಿಪ್ ಆದರೆ ದೊಡ್ಡ ಕ್ಯಾಶ್ (ಸಿಪಿಯು ಒಳಗಿನ ವೇಗದ ಮೆಮೊರಿ) ಇರೋದರಿಂದ ಈ ವೇಗದ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ವಿಡಿಯೋ, 3ಡಿ ರೆಂಡರಿಂಗ್‌ಗೆ ನಿಜಕ್ಕೂ 192 ಜಿಬಿ ಬೇಕು ಅನ್ನೋರಿಗೆ ಮಾತ್ರ ಈ ಸಲಹೆ ಸರಿಹೋಗಲ್ಲ, ಅವರು ವೇಗ ಬಿಟ್ಟುಕೊಟ್ಟು ನಾಲ್ಕು ಹಾಕಲೇಬೇಕಾಗಬಹುದು. 96 ಜಿಬಿವರೆಗೆ ಸಾಕು ಅಂದ್ರೆ 48ರ ಎರಡು ಕಡ್ಡಿ ಕಿಟ್ ಸಿಗುತ್ತೆ.