ಕರಕರ ಅನ್ನುವ ಸ್ಟೀರಿಯೊ: ಮುಚ್ಚಳ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ನನ್ನ ಟೂಲ್ ಡಬ್ಬದಲ್ಲಿ ಒಂದು ಹಳೆಯ ಸ್ಕ್ರೂಡ್ರೈವರ್ ಇದೆ. ಅದರ ತುದಿಯಲ್ಲಿ ಇಲಿ ಕಡಿದ ಹಾಗೆ ಒಂದು ಕಚ್ಚು. ಕಾಲೇಜಿನಲ್ಲಿದ್ದಾಗ ಮನೆಯ ಆಂಪ್ಲಿಫೈಯರ್ ಬಿಚ್ಚಿದ್ದೆ. ಸ್ವಿಚ್ ಆಫ್ ಮಾಡಿದ್ದೆ, ಪ್ಲಗ್ಗನ್ನೂ ಕಿತ್ತಿದ್ದೆ. ಇನ್ನೇನು ಭಯ ಅಂತ ಒಳಗೆ ಕೈ ಹಾಕಿದೆ. ಸ್ಕ್ರೂಡ್ರೈವರ್ ಯಾವುದೋ ಬಿಡಿಭಾಗದ ಎರಡು ಲೋಹದ ಕಾಲುಗಳ ನಡುವೆ ತಾಗಿದ್ದೇ ತಡ, ಟಪ್ ಅಂತ ಪಟಾಕಿ ಸಿಡಿದ ಸದ್ದು. ಕಣ್ಣೆದುರು ಕಿಡಿ. ನೋಡಿದರೆ ಉಕ್ಕಿನ ತುದಿಯೇ ಚೂರು ಕರಗಿ ಹೋಗಿತ್ತು.

ಪ್ಲಗ್ ಕಿತ್ತ ಮೇಲೂ ಕರೆಂಟ್ ಎಲ್ಲಿಂದ ಬಂತು? ಅದು ಕೆಪಾಸಿಟರ್ ಕೆಲಸ. ಮೆಕ್ಯಾನಿಕ್‌ಗಳ ಬಾಯಲ್ಲಿ ಕಂಡೆನ್ಸರ್. ಆಂಪ್ ಒಳಗೆ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ನಿಂತಿರುವ ಎರಡು ದಪ್ಪ ಡಬ್ಬಿಗಳೇ ಅವು. ನಾವು ಕರೆಂಟ್ ತೆಗೆದರೂ ಅವು ಒಳಗೆ ತುಂಬಿಟ್ಟುಕೊಂಡಿದ್ದನ್ನು ಅಷ್ಟು ಬೇಗ ಬಿಡುವುದಿಲ್ಲ. ಆದ್ದರಿಂದ ಮನೆಯಲ್ಲಿ ಸ್ಟೀರಿಯೊ ಸರ್ವಿಸ್ ಮಾಡಲು ಹೊರಟವರಿಗೆ ನನ್ನದು ಒಂದೇ ಮಾತು: ಸ್ವಿಚ್ ಆಫ್ ಆಗಿದೆ ಅನ್ನುವ ನಂಬಿಕೆಯ ಮೇಲೆ ಕೈ ಹಾಕಬೇಡಿ. ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಸಾಧನ) ಇಟ್ಟು ನೋಡಿ, ಆಮೇಲೆ ಕೈ ಹಾಕಿ.

ಬಿಚ್ಚಲೇಬೇಕಾ? ಮೊದಲು ನೋಡಿ

ಹಾಳಾಗಿದೆ ಅಂತ ಮೂಲೆಗೆ ಬಿದ್ದ ಎಷ್ಟೋ ಸೆಟ್‌ಗಳಲ್ಲಿ ಏನೂ ಹಾಳಾಗಿರುವುದಿಲ್ಲ. ಹಳೆಯ ಆಂಪ್‌ಗಳಲ್ಲಿ 'ಟೇಪ್ ಮಾನಿಟರ್' ಅಂತ ಒಂದು ಬಟನ್ ಇರುತ್ತದೆ. ಧೂಳು ಒರೆಸುವಾಗ ಯಾರದೋ ಕೈ ತಾಗಿ ಅದು ಒಳಗೆ ಹೋಗಿದ್ದರೆ ಸದ್ದೇ ಬರುವುದಿಲ್ಲ. ಸ್ಪೀಕರ್ 'ಎ', 'ಬಿ' ಸ್ವಿಚ್‌ನದೂ ಇದೇ ಕಥೆ. ನಮ್ಮ ಪಕ್ಕದ ಮನೆಯವರು ಸೆಟ್ ಗುಜರಿಗೆ ಹಾಕುವ ಹಿಂದಿನ ದಿನ ನಾನು ಒಂದು ಬಟನ್ ಒತ್ತಿ 'ರಿಪೇರಿ' ಮಾಡಿಕೊಟ್ಟಿದ್ದೇನೆ. ಅವತ್ತಿನಿಂದ ಅವರಿಗೆ ನಾನು ದೊಡ್ಡ ಎಂಜಿನಿಯರ್!

ಒಂದೇ ಕಡೆ ಸದ್ದು ಬರುತ್ತಿಲ್ಲವೇ? ಆಂಪ್ ಆಫ್ ಮಾಡಿ, ಹಿಂದಿನ ಕೆಂಪು ಮತ್ತು ಬಿಳಿ ಪಿನ್‌ಗಳನ್ನು ಅದಲು ಬದಲು ಮಾಡಿ. ಆಗ ಸದ್ದಿಲ್ಲದ ಕಡೆಯೂ ಬದಲಾದರೆ ತೊಂದರೆ ಕೇಬಲ್‌ನಲ್ಲಿದೆ, ಇಲ್ಲವೇ ಹಾಡು ಬರುವ ಪ್ಲೇಯರ್‌ನಲ್ಲಿದೆ. ಬದಲಾಗದಿದ್ದರೆ ಆಂಪ್ ಹಿಂದೆ ಎಡ, ಬಲ ಸ್ಪೀಕರ್‌ಗಳ ವೈರ್‌ಗಳನ್ನು ಅದಲು ಬದಲು ಮಾಡಿ ನೋಡಿ. ಆಗಲೂ ಅದೇ ಸ್ಪೀಕರ್ ಸುಮ್ಮನಿದ್ದರೆ ತೊಂದರೆ ಅದರಲ್ಲಿ ಅಥವಾ ಅದರ ವೈರ್‌ನಲ್ಲಿ, ಇಲ್ಲದಿದ್ದರೆ ಆಂಪ್‌ನಲ್ಲಿ. ಇದನ್ನು ಆನ್ ಇರುವಾಗ ಮಾತ್ರ ಮಾಡಬೇಡಿ. ಸ್ಪೀಕರ್ ವೈರ್‌ನ ಎರಡು ಎಳೆ ಒಂದಕ್ಕೊಂದು ತಾಗಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟು ಹೋಗಬಹುದು.

ಸ್ಪೀಕರ್ ಸರಿ ಇದೆಯೋ ಇಲ್ಲವೋ ತಿಳಿಯಲು ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ವೈರ್ ಬಿಚ್ಚಿ, ಸೆಲ್ಲನ್ನು ಒಂದು ಕ್ಷಣ ತಾಗಿಸಿ ತೆಗೆಯಿರಿ. ಟಕ್ ಅಂದರೆ ಜೀವ ಇದೆ. ಮೀಟರ್ ಇದ್ದರೆ ಓಮ್ ಅಳೆಯಿರಿ. 8 ಓಮ್ ಅಂತ ಬರೆದ ಸ್ಪೀಕರ್ 6ರಿಂದ 7 ತೋರಿಸುತ್ತದೆ, ಅದು ದೋಷವಲ್ಲ. ಕೋನ್ ಸುತ್ತಲಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತಿದ್ದರೆ ಫೋಮ್ ಮಾತ್ರ ಬದಲಾಯಿಸಿದರೆ ಆಯಿತು. ಪೂರಾ ಸ್ಪೀಕರ್ ಎಸೆಯಬೇಕಾಗಿಲ್ಲ.

ಅಮೆರಿಕದಿಂದ, ಜಪಾನಿನಿಂದ ತಂದ ಸೆಟ್ ಆದರೆ ಇನ್ನೊಂದು ವಿಷಯ. ನಮ್ಮಲ್ಲಿ ಕರೆಂಟ್ 230 ವೋಲ್ಟ್. ಅಮೆರಿಕದಲ್ಲಿ 120, ಜಪಾನಿನಲ್ಲಿ 100. ಹಿಂದುಗಡೆ ಎಷ್ಟು ಬರೆದಿದೆ ನೋಡದೆ ಪ್ಲಗ್ ಚುಚ್ಚಿದರೆ ಸೆಟ್ ಹೊಗೆಯಾಡುತ್ತದೆ. ವೋಲ್ಟೇಜ್ ಬದಲಿಸುವ ಸ್ವಿಚ್ ಇದ್ದರೆ ಸರಿಮಾಡಿ, ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದನ್ನು ಹಾಕಿದರೂ ಅಲ್ಲಿನ ಕೆಲವು ಹಳೆಯ ರೆಕಾರ್ಡ್ ಪ್ಲೇಯರ್‌ಗಳು ಇಲ್ಲಿ ನಿಧಾನವಾಗಿ ತಿರುಗುತ್ತವೆ. ಅವುಗಳ ಮೋಟರ್ ಓಡುವುದು 60 ಹರ್ಟ್ಸ್ ಲೆಕ್ಕದಲ್ಲಿ, ನಮ್ಮ ಕರೆಂಟ್ 50 ಹರ್ಟ್ಸ್. ಗಾಯಕಿಯ ದನಿ ಗಾಯಕನದಾಗುತ್ತದೆ!

ಬಿಚ್ಚುವ ದಿನ

ಬೆಳಕಿರುವ ಜಾಗ, ಒಣಗಿದ ಮೇಜು. ಮೇಲೊಂದು ಹಳೆಯ ಬೆಡ್‌ಶೀಟ್. ಕಾಲಿಗೆ ರಬ್ಬರ್ ಚಪ್ಪಲಿ. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಮಕ್ಕಳು ಸುತ್ತ ಇರಬಾರದು. ದೊಡ್ಡವರೊಬ್ಬರು ಮನೆಯಲ್ಲಿರಲಿ, ಮೇನ್ ಸ್ವಿಚ್ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿ.

ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ಕಿತ್ತು, ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟುಕೊಳ್ಳಿ. ಸೆಟ್‌ನ ಸ್ವಿಚ್ ಆಫ್ ಮಾಡಿದರೆ ಸಾಲದು. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿಯೂ ಚುಚ್ಚಬಹುದಲ್ವಾ? ಹಾಗಾದಾಗ ಸ್ವಿಚ್ ಕತ್ತರಿಸುವುದು ನ್ಯೂಟ್ರಲ್ ಮಾತ್ರ. ಫೇಸ್ ಒಳಗೇ ಕಾಯುತ್ತಿರುತ್ತದೆ.

ಸ್ಕ್ರೂಗಳನ್ನು ಇಡಲು ನಾನು ಇಡ್ಲಿ ತಟ್ಟೆ ಬಳಸುತ್ತೇನೆ. ಒಂದು ಗುಳಿಯಲ್ಲಿ ಮುಚ್ಚಳದವು, ಇನ್ನೊಂದರಲ್ಲಿ ಮುಂದಿನ ಪ್ಯಾನೆಲ್‌ನವು. ಬೆರೆಯುವುದೇ ಇಲ್ಲ. ಯಾವ ಕನೆಕ್ಟರ್ ಕೀಳುವ ಮೊದಲೂ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ನೆನಪಿರುತ್ತದೆ ಅಂದುಕೊಂಡಿದ್ದು ನೆನಪಿರುವುದಿಲ್ಲ.

ಮುಚ್ಚಳ ತೆಗೆದ ಕೂಡಲೇ ಏನನ್ನೂ ಮುಟ್ಟಬೇಡಿ. ಸುಮ್ನೆ ನೋಡಿ. ಕರಾವಳಿ, ಮಲೆನಾಡಿನ ಮನೆಗಳ ಸೆಟ್ ಆದರೆ ಇರುವೆ ಗೂಡು, ಜಿರಳೆ, ಒಣಗಿದ ಹಲ್ಲಿ, ಬೂಷ್ಟು ಎಲ್ಲಾ ಕಾಣಬಹುದು. ಕೆಪಾಸಿಟರ್ ನೆತ್ತಿ ಊದಿಕೊಂಡಿದೆಯಾ? ಎಲ್ಲಾದರೂ ಸುಟ್ಟು ಕಪ್ಪಾಗಿದೆಯಾ? ಸುಟ್ಟ ವಾಸನೆ ಇದೆಯಾ? ಇದ್ದರೆ ಮುಚ್ಚಳ ಹಾಕಿ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಕಂಡೆನ್ಸರ್ ಖಾಲಿ ಮಾಡುವುದು

ಈಗ ಮುಖ್ಯ ಕೆಲಸ. ಮಲ್ಟಿಮೀಟರನ್ನು ಡಿಸಿ 200 ವೋಲ್ಟ್‌ಗೆ ತಿರುಗಿಸಿ. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೆಲಸ ಮಾಡುವುದು ರಿಪೇರಿಯವರ ಹಳೆಯ ಅಭ್ಯಾಸ. ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯ ಮೂಲಕ, ಕರೆಂಟ್ ಹಾಯದಿರಲಿ ಅಂತ. ಕಪ್ಪು ಕಡ್ಡಿಗೆ ಕ್ರೊಕೊಡೈಲ್ ಕ್ಲಿಪ್ ಸಿಕ್ಕಿಸಿ, ಅದನ್ನು ಕೆಪಾಸಿಟರ್‌ನ ಒಂದು ಕಾಲಿಗೆ ಕಚ್ಚಿಸಿ. ಕೆಂಪು ಕಡ್ಡಿಯನ್ನು ಇನ್ನೊಂದು ಕಾಲಿಗೆ ಮುಟ್ಟಿಸಿ. ಮನೆಯ ಆಂಪ್‌ಗಳಲ್ಲಿ ಸಾಮಾನ್ಯವಾಗಿ 30ರಿಂದ 50 ವೋಲ್ಟ್‌ನ ಎರಡು ಸಾಲು ಇರುತ್ತವೆ, ಒಂದು ಪ್ಲಸ್, ಒಂದು ಮೈನಸ್. ಹಾಗಾಗಿ ಎರಡೂ ಡಬ್ಬಿಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು.

ವೋಲ್ಟೇಜ್ ಉಳಿದಿದ್ದರೆ ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವುದು ನನ್ನ ಕಾಲೇಜು ದಿನದ ವಿಧಾನ. ಅದು ಬೇಡ. 1 ಕಿಲೊ ಓಮ್, 5 ವ್ಯಾಟ್‌ನ ರೆಸಿಸ್ಟರ್ ತನ್ನಿ. ಬಿಳಿ ಸೆರಾಮಿಕ್‌ನದು, ಸೀಮೆಸುಣ್ಣದ ತುಂಡಿನ ಹಾಗೆ ಇರುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಕಾಫಿ ದುಡ್ಡಿಗೆ ಸಿಗುತ್ತದೆ. ಅದರ ಎರಡೂ ತುದಿಗೆ ಪ್ಲಾಸ್ಟಿಕ್ ಹೊದಿಕೆಯ ವೈರ್ ಬೆಸೆದು, ಬೆಸೆದ ಜಾಗದಲ್ಲಿ ಬರಿ ತಂತಿ ಕಾಣದಂತೆ ಟೇಪ್ ಸುತ್ತಿ. ಕೆಪಾಸಿಟರ್‌ನ ಎರಡು ಕಾಲಿಗೆ ತಾಗಿಸಿ ಒಂದು ನಿಮಿಷ ಹಿಡಿಯಿರಿ. 4700 ಮೈಕ್ರೋಫ್ಯಾರಡ್‌ನದಾದರೆ ಅರ್ಧ ನಿಮಿಷದಲ್ಲೇ ಖಾಲಿಯಾಗುತ್ತದೆ.

ಮತ್ತೆ ಅಳೆಯಿರಿ. 1 ವೋಲ್ಟ್‌ಗಿಂತ ಕಡಿಮೆ ಬರಬೇಕು. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಖಾಲಿಯಾದ ಕೆಪಾಸಿಟರ್ ತಾನಾಗಿಯೇ ಚೂರು ಮೇಲೇಳುವುದುಂಟು.

ಈ ವಿಧಾನ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಆಂಪ್‌ಗೆ ಮಾತ್ರ. ಈಗಿನ ಹೋಮ್ ಥಿಯೇಟರ್, ಸಬ್‌ವೂಫರ್‌ಗಳಲ್ಲಿ ಹೆಚ್ಚಾಗಿ ಎಸ್‌ಎಂಪಿಎಸ್ (ದಪ್ಪ ಟ್ರಾನ್ಸ್‌ಫಾರ್ಮರ್ ಇಲ್ಲದ ಹೊಸ ಬಗೆಯ ಪವರ್ ಸಪ್ಲೈ) ಇರುತ್ತದೆ. ಅದರ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಹಳೆಯ ಸೆಟ್‌ನಲ್ಲೂ 250, 300 ವೋಲ್ಟ್ ಮಾಮೂಲು. ಇವೆರಡನ್ನೂ ಮನೆಯಲ್ಲಿ ಕಲಿಯಲು ಹೋಗಬೇಡಿ.

ಕರಕರ ಹೋಗಿಸುವುದು

ವಾಲ್ಯೂಮ್ ತಿರುಗಿಸಿದಾಗ ಬರುವ ಕರಕರಕ್ಕೆ ಕಾರಣ ಧೂಳು ಮತ್ತು ಕಿಲುಬು. ವಾಲ್ಯೂಮ್ ಕಂಟ್ರೋಲ್ ಒಳಗೆ ಕಾರ್ಬನ್ ಬಳಿದ ಒಂದು ಅರ್ಧಚಂದ್ರದ ದಾರಿ ಇದೆ. ಅದರ ಮೇಲೆ ಒಂದು ಪುಟ್ಟ ಲೋಹದ ಕಾಲು ಜಾರುತ್ತದೆ. ದಾರಿ ಕೊಳೆಯಾದರೆ ಕಾಲು ಎಡವುತ್ತದೆ. ಎಡವಿದ ಸದ್ದೇ ಸ್ಪೀಕರ್‌ನಲ್ಲಿ ನಮಗೆ ಕೇಳುವುದು.

ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಕೇಳಿ. ಬಾಗಿಲಿನ ತುಕ್ಕಿಗೆ ಹೊಡೆಯುವ ಸ್ಪ್ರೇ ಬೇಡವೇ ಬೇಡ. ಅದು ಎಣ್ಣೆ ಉಳಿಸುತ್ತದೆ, ಎಣ್ಣೆ ಧೂಳು ಹಿಡಿಯುತ್ತದೆ. ಮೊದಲು ಒಳಗಿನ ಧೂಳನ್ನು ಮೆತ್ತನೆಯ ಪೇಂಟ್ ಬ್ರಷ್‌ನಿಂದ ಕೆಡವಿ. ಆಮೇಲೆ ವಾಲ್ಯೂಮ್ ಕಂಟ್ರೋಲ್‌ನ ಹಿಂದೆ, ಮೂರು ಕಾಲು ಹೊರಬರುವ ಕಡೆ ನೋಡಿ. ಒಂದು ಸಣ್ಣ ಸಂದು ಕಾಣುತ್ತದೆ. ಸ್ಪ್ರೇಯ ಕೊಳವೆಯನ್ನು ಅಲ್ಲಿಟ್ಟು ಒಂದೇ ಒಂದು ಚುಟುಕು. ನಾಬನ್ನು ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸಿ. ಮೊದಲು ಬೆರಳಿಗೆ ಒರಟು ಅನ್ನಿಸುತ್ತದೆ, ಹತ್ತು ಹದಿನೈದು ಸುತ್ತಾದ ಮೇಲೆ ಬೆಣ್ಣೆಯ ಹಾಗೆ ಜಾರುತ್ತದೆ. ಬ್ಯಾಲೆನ್ಸ್, ಬಾಸ್, ಟ್ರೆಬಲ್‌ಗಳಿಗೂ ಇದನ್ನೇ ಮಾಡಿ. ಬಟನ್‌ಗಳನ್ನು ಸ್ಪ್ರೇ ಹೊಡೆದು ಇಪ್ಪತ್ತು ಸಲ ಒತ್ತಿ ಬಿಡಿ.

ಕಿಟಕಿ ತೆರೆದಿರಲಿ, ಹತ್ತಿರ ದೀಪ, ಊದುಬತ್ತಿ, ಬಿಸಿ ಸೋಲ್ಡರಿಂಗ್ ಐರನ್ ಇರಬಾರದು. ಈ ಸ್ಪ್ರೇಗಳಲ್ಲಿ ಹೆಚ್ಚಿನವು ಬೆಂಕಿ ಹಿಡಿಯುತ್ತವೆ. ಕರೆಂಟ್ ಕೊಡುವ ಮೊದಲು ಅರ್ಧ ಗಂಟೆ ಒಣಗಲು ಬಿಡಿ.

ಟೇಪ್ ಡೆಕ್ ಇದ್ದರೆ ಇಯರ್ ಬಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಹೆಡ್ ಒರೆಸಿ. ಬಡ್ ಕಂದು ಬಣ್ಣವಾಗುವುದು ನಿಂತರೆ ಹೆಡ್ ಚೊಕ್ಕಟ. ಬೆಲ್ಟ್ ಡಾಂಬರಿನಂತೆ ಕರಗಿದ್ದರೆ ಗಾಲಿಗೆ ಅಂಟಿದ್ದನ್ನೂ ಇದರಿಂದಲೇ ಒರೆಸಬೇಕು. ಕೈಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ, ಗ್ಲೌಸ್ ಹಾಕಿಕೊಳ್ಳಿ.

ಫ್ಯೂಸ್ ಹೋಗಿದ್ದರೆ

ಹಳೆಯದರ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿದೆಯೋ ಅಷ್ಟರದ್ದನ್ನೇ ಹಾಕಿ. ಅಂಚಿನಲ್ಲಿ 'ಟಿ' ಅಂತ ಇದ್ದರೆ ಅದು ನಿಧಾನಕ್ಕೆ ಹೋಗುವ ಫ್ಯೂಸ್, ಅದೇ ಬೇಕು. ಬೆಳ್ಳಿ ಕಾಗದ, ವೈರ್ ಎಳೆ ಸುತ್ತುವ ಜಾಣತನದಿಂದ ಎಷ್ಟೋ ಟ್ರಾನ್ಸ್‌ಫಾರ್ಮರ್ ಸುಟ್ಟಿವೆ. ಹೊಸ ಫ್ಯೂಸ್ ಕೂಡ ತಕ್ಷಣ ಹೋದರೆ ಮೂರನೆಯದನ್ನು ಹಾಕಬೇಡಿ. ಒಳಗೆ ಶಾರ್ಟ್ ಇದೆ.

ಮತ್ತೆ ಕರೆಂಟ್ ಕೊಡುವುದು

ಮೆಕ್ಯಾನಿಕ್ ಅಂಗಡಿಯಲ್ಲಿ 'ಸೀರೀಸ್ ಬಲ್ಬ್' ನೋಡಿರಬಹುದು. ಫೇಸ್ ವೈರ್ ಒಂದು ಬಲ್ಬ್ ಹಾದು ಸಾಕೆಟ್‌ಗೆ ಬರುತ್ತದೆ, ನ್ಯೂಟ್ರಲ್ ಮತ್ತು ಅರ್ತ್ ನೇರ. ವೈರಿಂಗ್ ಕೈವಶ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿಕೊಳ್ಳಿ. ಬಲ್ಬ್ ಹಳೆಯ ಫಿಲಮೆಂಟ್‌ನದೇ ಆಗಬೇಕು, 60 ಅಥವಾ 100 ವ್ಯಾಟ್. ಎಲ್‌ಇಡಿ ನಡೆಯುವುದಿಲ್ಲ.

ಸ್ಪೀಕರ್ ಹಾಕದೆ, ಮುಚ್ಚಳ ಮುಚ್ಚಿ, ಆಂಪನ್ನು ಈ ಸಾಕೆಟ್‌ಗೆ ಚುಚ್ಚಿ ಆನ್ ಮಾಡಿ. ಬಲ್ಬ್ ಒಮ್ಮೆ ಫಳ್ ಅಂದು ಮಂಕಾದರೆ ಕ್ಷೇಮ. ಜೋರಾಗಿ ಉರಿಯುತ್ತಲೇ ಇದ್ದರೆ ಆಫ್ ಮಾಡಿ. ಒಳಗೆ ಶಾರ್ಟ್ ಇದ್ದರೂ 100 ವ್ಯಾಟ್ ಬಲ್ಬ್ ಅರ್ಧ ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಬಿಡುವುದಿಲ್ಲ, ಹಾಗಾಗಿ ಹಾನಿ ಅಷ್ಟಕ್ಕೇ ನಿಲ್ಲುತ್ತದೆ.

ಬಲ್ಬ್ ಮಂಕಾಯಿತೇ? ಆಫ್ ಮಾಡಿ, ಮೀಟರ್ ಕ್ಲಿಪ್‌ಗಳನ್ನು ಹಿಂದಿನ ಒಂದು ಕಡೆಯ ಸ್ಪೀಕರ್ ಟರ್ಮಿನಲ್‌ಗೆ ಕಚ್ಚಿಸಿ. ಈಗ ಬಲ್ಬ್ ಬಿಟ್ಟು ನೇರ ಕರೆಂಟ್ ಕೊಟ್ಟು ಡಿಸಿ ವೋಲ್ಟ್ ನೋಡಿ. 50 ಮಿಲಿವೋಲ್ಟ್ ಒಳಗಿದ್ದರೆ ನಿಶ್ಚಿಂತೆ. ಇನ್ನೊಂದು ಕಡೆಯನ್ನೂ ಹೀಗೇ ನೋಡಿ. ವೋಲ್ಟ್‌ಗಟ್ಟಲೆ ಬಂದರೆ ಸ್ಪೀಕರ್ ಹಾಕಲೇಬೇಡಿ, ಅದರೊಳಗಿನ ಕಾಯಿಲ್ (ತಂತಿ ಸುರುಳಿ) ಸುಟ್ಟು ಹೋಗುತ್ತದೆ. ಮೊದಲ ಅರ್ಧ ಗಂಟೆ ಹಳೆಯ ಸ್ಪೀಕರ್ ಹಾಕಿ ಸಣ್ಣ ವಾಲ್ಯೂಮ್‌ನಲ್ಲಿ ಕೇಳಿ.

ಕೊನೆಯದಾಗಿ ಒಂದು ಮಾತು: ಮುಚ್ಚಳ ಮುಚ್ಚಿದ ಮೇಲೆ, ಕರೆಂಟ್ ಕೊಡುವ ಮೊದಲೇ ಇಡ್ಲಿ ತಟ್ಟೆ ನೋಡಿ. ಒಂದು ಸ್ಕ್ರೂ ಉಳಿದಿದ್ದರೆ ಅದು ಎಲ್ಲಿಯದು ಅಂತ ಹುಡುಕಿ ಹಾಕಿ. ಒಂದು ಸ್ಕ್ರೂ ಕಡಿಮೆ ಬಿದ್ದರೆ ಮಾತ್ರ ಸೆಟ್ ಆನ್ ಮಾಡಬೇಡಿ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಕಂಡೆನ್ಸರ್ ಅಳೆದು, ಬೋರ್ಡಿನ ಮೇಲೆ ಎಲ್ಲಿ ಬಿದ್ದಿದೆ ಹುಡುಕಿ.