ವಿದೇಶದಲ್ಲಿ ಹುಟ್ಟಿದ ಮೊಮ್ಮಗು ಊರಿಗೆ ಬರುವಾಗ: ಬಿಸಿಜಿ ಬಾಕಿ ಇದ್ದರೆ ಏನು ಮಾಡಬೇಕು

ಮಂಗಳೂರು, ಉಡುಪಿಯ ಎಷ್ಟೋ ಮನೆಗಳ ಮೊಮ್ಮಕ್ಕಳು ಹುಟ್ಟುವುದು ಲಂಡನ್ನಿನಲ್ಲೋ ಬರ್ಲಿನ್ನಿನಲ್ಲೋ. ಅವರ ಲಸಿಕೆ ಪುಸ್ತಕದಲ್ಲಿ ಕ್ಷಯದ (ಟಿಬಿ) ಲಸಿಕೆಯಾದ ಬಿಸಿಜಿ ಕಾಣದಿದ್ದರೆ ಅಲ್ಲಿನ ಡಾಕ್ಟರು ಮರೆತರೆಂದಲ್ಲ. ಸ್ವೀಡನ್ 1975ರಲ್ಲಿ, ಜರ್ಮನಿ 1998ರಲ್ಲಿ ಎಲ್ಲ ಮಕ್ಕಳಿಗೂ ಕೊಡುವುದನ್ನು ಬಿಟ್ಟವು. ಅಮೆರಿಕ ಅದನ್ನು ಸಾರ್ವತ್ರಿಕ ಮಾಡಲೇ ಇಲ್ಲ. ಬಿಸಿಜಿ ಕ್ಷಯ ಹರಡುವುದನ್ನು ಅಷ್ಟಾಗಿ ತಡೆಯದು. ಅದರ ನಿಜವಾದ ಉಪಕಾರ ಎಳೆಮಕ್ಕಳ ಮಿದುಳುಪೊರೆಯ ಕ್ಷಯ ಮತ್ತು ಮೈಯೆಲ್ಲ ಹರಡುವ ಮಿಲಿಯರಿ ಕ್ಷಯದ ವಿರುದ್ಧ. ರೋಗವೇ ಅಪರೂಪವಾದಲ್ಲಿ, ದುರ್ಬಲಗೊಳಿಸಿದ ಜೀವಾಣುವಿರುವ ಈ ಜೀವಂತ ಲಸಿಕೆಯ ತೊಂದರೆಯೇ ಲಾಭಕ್ಕಿಂತ ತೂಗುತ್ತದೆ. ಅಲ್ಲಿಗೆ ಆ ಲೆಕ್ಕ ಸರಿ. ಮಗು ಇಲ್ಲಿ ತಿಂಗಳುಗಟ್ಟಲೆ ಇರುವುದಾದರೆ ಸರಿಯಲ್ಲ.

ಬ್ರಿಟನ್ನಿನಲ್ಲಿರುವವರು ಹೊರಡುವ ಮೊದಲೇ ಕೇಳಿ. 2005ರಲ್ಲಿ ಶಾಲಾ ಬಿಸಿಜಿ ನಿಂತರೂ, ತಂದೆತಾಯಿ ಅಥವಾ ಅಜ್ಜ-ಅಜ್ಜಿ ಹುಟ್ಟಿದ ದೇಶದಲ್ಲಿ ವರ್ಷಕ್ಕೆ ಲಕ್ಷಕ್ಕೆ 40 ಅಥವಾ ಹೆಚ್ಚು ಕ್ಷಯ ಪ್ರಕರಣಗಳಿದ್ದರೆ ಶಿಶುವಿಗೆ ಈಗಲೂ ಲಸಿಕೆ ಉಂಟು. ಭಾರತ ಆ ಪಟ್ಟಿಯಲ್ಲಿದೆ.

ಇಲ್ಲಿ ಹಾಕಿಸುವುದಾದರೆ ಸರ್ಕಾರಿ ವೇಳಾಪಟ್ಟಿಯಲ್ಲಿ 1 ವರ್ಷದೊಳಗೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 5 ವರ್ಷದವರೆಗೂ ಒಪ್ಪುತ್ತದೆ. ಮೊದಲು ಫೋನ್ ಮಾಡಿ: ಒಂದು ವಯಲ್ (ಲಸಿಕೆಯ ಪುಟ್ಟ ಬಾಟಲಿ) ಹಲವು ಮಕ್ಕಳಿಗಾಗುತ್ತದೆ, ಕಲಸಿದ 4 ಗಂಟೆಯಲ್ಲಿ ಉಳಿದದ್ದನ್ನು ಎಸೆಯಬೇಕು. ಹಾಗಾಗಿ ಕ್ಲಿನಿಕ್‌ಗಳು ನಿಗದಿತ ದಿನವೇ ವಯಲ್ ತೆರೆಯುವುದುಂಟು. ತಾಯಿ ಗರ್ಭಿಣಿಯಿದ್ದಾಗ ಇನ್‌ಫ್ಲಿಕ್ಸಿಮ್ಯಾಬ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಪಡೆದಿದ್ದರೆ, ಮಗುವಿಗೆ ರೋಗನಿರೋಧಕ ದೋಷದ ಅನುಮಾನವಿದ್ದರೆ, ಚುಚ್ಚುವ ಮೊದಲೇ ಹೇಳಿ.

ಪ್ರಮಾಣ 1 ತಿಂಗಳೊಳಗೆ 0.05 ಮಿಲಿ, ಆಮೇಲೆ 0.1 ಮಿಲಿ, ಎಡ ತೋಳಿನ ಮೇಲ್ಭಾಗದಲ್ಲಿ, ಚರ್ಮದ ಪದರದೊಳಗೇ. ಸರಿಯಾಗಿ ಹೋದರೆ ಬಿಳಿಚಿದ ಸಣ್ಣ ಗುಳ್ಳೆ ತಕ್ಷಣ ಏಳುತ್ತದೆ. ಏಳದಿದ್ದರೆ ಸೂಜಿ ಆಳಕ್ಕೆ ಇಳಿದಿದೆ. ಕೀವುಗಡ್ಡೆಗೂ ಕಂಕುಳಿನ ಗಂಟಿಗೂ ದೊಡ್ಡ ಕಾರಣ ಇದೇ. ಸ್ಪಿರಿಟ್ ಹಚ್ಚಿದ ಒದ್ದೆ ಚರ್ಮಕ್ಕೆ ಚುಚ್ಚಬಾರದು, ಜೀವಂತ ಲಸಿಕೆ ಸತ್ತೀತು.

2–3 ವಾರದ ನಂತರ ಕೆಂಪು ಗಂಟು, ಆಮೇಲೆ ಹುಣ್ಣು, 6–12 ವಾರದಲ್ಲಿ ಒಣಗಿ ಕಲೆ. ಅಜ್ಜಿಯರ ಕೈ ಇಲ್ಲೇ ತುರಿಸುವುದು: ಅರಿಶಿನ, ತೆಂಗಿನೆಣ್ಣೆ, ಮುಲಾಮು ಯಾವುದೂ ಬೇಡ, ಬಿಗಿ ಪಟ್ಟಿಯೂ ಬೇಡ. ಸ್ನಾನಕ್ಕೆ ತೊಂದರೆಯಿಲ್ಲ. ಕಂಕುಳಿನ ಸಣ್ಣ ಗಂಟನ್ನು ಸುಮ್ಮನೆ ಬಿಡಿ. ದೊಡ್ಡದಾಗಿ ಮೆತ್ತಗಾದರೆ ಡಾಕ್ಟರಿಗೆ ತೋರಿಸಿ, ಕೊಯ್ಯುವ ಬದಲು ಸೂಜಿಯಿಂದ ಕೀವು ತೆಗೆಯುವುದು ಮೇಲು. ಕಲೆ ಮೂಡಲಿಲ್ಲವೆಂದು ಮತ್ತೆ ಹಾಕಿಸುವ ಅಗತ್ಯವಿಲ್ಲ.

ಲಸಿಕೆಗಿಂತ ಮುಖ್ಯವಾದದ್ದು ಮನೆಯೊಳಗಿನ ಕೆಮ್ಮು. ಮಳೆಗಾಲದ ಕೆಮ್ಮು ಎಂದು ಅಜ್ಜ ತಳ್ಳಿಹಾಕುತ್ತಿದ್ದರೂ, 2 ವಾರ ದಾಟಿದ್ದರೆ ಮಗು ಬರುವ ಮೊದಲೇ ಕಫ ಪರೀಕ್ಷೆ ಮಾಡಿಸಿ. ಅಡುಗೆಯವರು, ಹೋಮ್ ನರ್ಸ್ ಎಲ್ಲರಿಗೂ ಇದೇ ನಿಯಮ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಅಥವಾ ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಕ್ಷಯಕ್ಕಾಗಿ ಸರ್ಕಾರದ ನಿಕ್ಷಯ್ ಸಹಾಯವಾಣಿ 1800-11-6666.

ಮನೆಯಲ್ಲಿ ಯಾರಿಗಾದರೂ ಶ್ವಾಸಕೋಶದ ಕ್ಷಯ ಖಚಿತವಾದರೆ, 5 ವರ್ಷದೊಳಗಿನ ಮಗುವನ್ನು ಕೂಡಲೇ ತೋರಿಸಿ. ಬಿಸಿಜಿ ಆಗಿದ್ದರೂ ಅಷ್ಟೇ. ಜ್ವರ, ಕೆಮ್ಮು, ತೂಕ ಏರದಿರುವುದು, ಸಪ್ಪೆ ಮುಖ ಇದ್ದರೆ ತನಿಖೆ ಬೇಕು. ಎಳೆಮಕ್ಕಳು ಕಫ ಉಗುಳಲಾರರು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನ ನಳಿಕೆಯಿಂದ ಜಠರದ ದ್ರವ ತೆಗೆಯುತ್ತಾರೆ. ರೋಗವಿಲ್ಲವೆಂದಾದರೆ ಡಾಕ್ಟರು ಮುನ್ನೆಚ್ಚರಿಕೆ ಚಿಕಿತ್ಸೆ ಕೊಡುತ್ತಾರೆ, ಹೆಚ್ಚಾಗಿ ಐಸೋನಿಯಜಿಡ್, ಕೆಜಿಗೆ ಸುಮಾರು 10 ಮಿಗ್ರಾಂನಂತೆ ದಿನಕ್ಕೊಮ್ಮೆ, 6 ತಿಂಗಳು. ಆ ಅವಧಿಯಲ್ಲಿ ಬಿಸಿಜಿ ಹಾಕಿಸಬೇಡಿ: ಲಸಿಕೆಯ ಜೀವಾಣುವನ್ನೂ ಔಷಧ ಕೊಲ್ಲುತ್ತದೆ.